ಆರು ಗಾಳಿಯ ಮನೆ

ನಾನು ಶಾಲೆ ಬಿಟ್ಟದ್ದು 1994ರಲ್ಲಿ, ಏಳನೇ ತರಗತಿಯ ಅರ್ಧಕ್ಕೆ. ಬಡತನ, ಕಷ್ಟ ಎಂದು ಹೇಳಿಕೊಂಡರೆ ಕೇಳುವವರಿಗೆ ಸಮಾಧಾನವಾಗುತ್ತದೆ, ಆದರೆ ನಿಜ ಸಂಗತಿ ಅದಲ್ಲ. ನನಗೂ ಶಾಲೆಗೂ ನಡುವೆ ಬಂದು ಕೂತದ್ದು ಎರಡು ಅಕ್ಷರ, ‘ಲ’ ಮತ್ತು ‘ಳ’. ಬಾಯಲ್ಲಿ ಎರಡೂ ಸರಿಯಾಗಿಯೇ ಬರುತ್ತಿದ್ದವು. ಕೈಗೆ ಪೆನ್ನು ಬಂದ ಕೂಡಲೇ ಒಂದರ ಜಾಗದಲ್ಲಿ ಇನ್ನೊಂದು ಹೋಗಿ ಕೂಡುತ್ತಿತ್ತು. ಒಂದು ದಿನ ಉಕ್ತಲೇಖನದಲ್ಲಿ ಗುರುಗಳು ‘ಮಕ್ಕಳು ಹಾಲು ಕುಡಿಯಬೇಕು’ ಎಂದರು. ನಾನು ‘ಮಕ್ಕಲು ಹಾಳು ಕುಡಿಯಬೇಕು’ ಎಂದು ಬರೆದೆ. ಗುರುಗಳು ಆ ಪುಟವನ್ನು ಇಡೀ ತರಗತಿಗೆ ಎತ್ತಿ ತೋರಿಸಿ, “ಲೇ ಶರಣ್ಯಾ, ನಿನಗ ಲ ಯಾವುದು, ಳ ಯಾವುದು ಈ ಜನ್ಮದಾಗ ತಿಳಿಯಂಗಿಲ್ಲ. ಹೋಗು, ಎಲ್ಲ್ಯರ ಗಾಲಿಗೆ ಗಾಳಿ ತುಂಬು ಹೋಗು” ಎಂದರು. ಅವರು ಬೈದದ್ದು. ನಾನು ಅದನ್ನು ಸಲಹೆ ಎಂದು ತಿಳಿದೆ. ಮುಂದಿನ ವಾರವೇ ಸಿಂಧನೂರಿನ ಒಂದು ಪಂಚರ್ ಅಂಗಡಿಯಲ್ಲಿ ಕೆಲಸಕ್ಕೆ ನಿಂತೆ.

ಅಂದಿನಿಂದ ಇಂದಿನವರೆಗೆ ನನ್ನ ಕೈಗೆ ಬಂದ ಯಾವ ಟೈರೂ ಸೋತು ವಾಪಸು ಹೋಗಿಲ್ಲ ಎಂದು ಹೇಳಿಕೊಳ್ಳಲು ನನಗೆ ನಾಚಿಕೆಯಿಲ್ಲ. ಭತ್ತದ ಲಾರಿ, ಹತ್ತಿಯ ಟ್ರಾಲಿ, ಗದ್ದೆಯ ಕೆಸರಲ್ಲಿ ಹೂತು ಬಂದ ಟ್ರ್ಯಾಕ್ಟರು, ಎಲ್ಲಕ್ಕೂ ನಾನೇ ವೈದ್ಯ. ಮಸ್ಕಿಯಲ್ಲಿ ಸ್ವಂತ ಅಂಗಡಿ ಹಾಕಿದಾಗ ಬೋರ್ಡನ್ನು ನಾನೇ ಬರೆದೆ: ‘ಇಲ್ಲಿ ಗಾಲಿ ತುಂಬಲಾಗುವುದು.’ ಅದು ಇವತ್ತಿಗೂ ಹಾಗೇ ಇದೆ. ಒಮ್ಮೆ ಸೈಕಲ್ಲು ನೂಕಿಕೊಂಡು ಬಂದ ಮೇಷ್ಟ್ರೊಬ್ಬರು, “ಇದು ತಪ್ಪೈತಲ್ಲಪ್ಪ, ಗಾಳಿ ಅಂತಿರಬೇಕು” ಎಂದರು. “ಸರ್, ನಿಮಗ ಗಾಳಿ ಬೇಕೋ ವ್ಯಾಕರಣ ಬೇಕೋ?” ಎಂದು ಕೇಳಿದೆ. ಹಿಂದಿನ ಗಾಲಿ ಮುಟ್ಟಿ ನೋಡಿಕೊಂಡು, “ಸದ್ಯಕ್ಕ ಗಾಳಿ” ಎಂದರು.

ನನ್ನ ಹೆಂಡತಿ ಅಮರಮ್ಮ ಗುರುಗುಂಟಾದವಳು, ಹತ್ತನೇ ತರಗತಿ ಪಾಸಾದವಳು. ಮದುವೆಯಾದ ಹೊಸದರಲ್ಲಿ ನಮ್ಮ ಮಾವ, “ಇಲ್ಲೇ ಬಂದಬಿಡ್ರಿ ಅಳಿಯಂದ್ರ, ಎರಡು ಖೋಲಿ ಬಿಟ್ಟುಕೊಡ್ತೀನಿ” ಎಂದಿದ್ದರು. “ಪಂಚರ್ ಹಾಕಿ ಉಪವಾಸ ಬಿದ್ದೇನು, ಮನೆಯಳಿಯ ಮಾತ್ರ ಆಗಂಗಿಲ್ರೀ ಮಾವಾರ” ಎಂದು ಎದೆಯುಬ್ಬಿಸಿ ಹೇಳಿ ಬಂದೆ. ಎದೆ ಉಬ್ಬಿಸಿದ್ದು ನಾನು, ಸಾಮಾನು ಹೊತ್ತದ್ದು ಅವಳು. ಸಿಂಧನೂರಿನಲ್ಲಿ ಬಾಡಿಗೆ ಕೋಣೆ, ಲಿಂಗಸುಗೂರಿನಲ್ಲಿ ಬಾಡಿಗೆ ಕೋಣೆ, ಆಮೇಲೆ ಮಸ್ಕಿಯಲ್ಲಿ. ಒಬ್ಬ ಮಾಲೀಕರಿಗೆ ನಸುಕಿನಲ್ಲಿ ರೊಟ್ಟಿ ಬಡಿಯುವ ಸದ್ದು ಸಹಿಸಲಾಗುತ್ತಿರಲಿಲ್ಲ, ಇನ್ನೊಬ್ಬರು ನಾವು ತುಂಬುವ ಕೊಡ ಎಣಿಸುತ್ತಿದ್ದರು. ಯಾವ ಊರಾದರೂ ಮನೆ ಮಾತ್ರ ಅಂಗಡಿಯ ಹಿಂದೆಯೇ. ಹೀಗಾಗಿ ಮದುವೆ ಕಾರ್ಡು ಬಂದರೂ ಅದರ ಮೇಲೆ ‘ಪಂಚರ್ ಅಂಗಡಿ ಹಿಂದೆ’ ಎಂದೇ ಇರುತ್ತಿತ್ತು. ಮುದಗಲ್‌ನಲ್ಲಿರುವ ಅವಳ ತಂಗಿಯ ಮನೆ ಬಾಗಿಲಿಗೆ ತಗಡಿನ ನಂಬರಿದೆ. ಅಲ್ಲಿಗೆ ಹೋದಾಗಲೆಲ್ಲ ಅಮರಮ್ಮ ಒಳಗೆ ಹೋಗುವ ಮೊದಲು ಆ ತಗಡನ್ನು ಸೆರಗಿನಿಂದ ಒರೆಸುತ್ತಿದ್ದಳು. ನಾನು ಧೂಳು ಒರೆಸುತ್ತಾಳೆ ಎಂದುಕೊಂಡಿದ್ದೆ.

ಮಸ್ಕಿಯಿಂದ ಸಿಂಧನೂರಿಗೆ ಹೋಗುವ ದಾರಿಯ ಪಕ್ಕದ ನಮ್ಮ ಹಳ್ಳಿಯಲ್ಲಿ ಅಪ್ಪ ಬಿಟ್ಟುಹೋದ ಒಂದೂವರೆ ಎಕರೆ ಖುಷ್ಕಿ ಹೊಲವಿದೆ. ಮಳೆ ಬಂದರೆ ಬೆಳೆ, ಇಲ್ಲದಿದ್ದರೆ ಆಕಾಶ ನೋಡಲು ಒಳ್ಳೆಯ ಜಾಗ. ಅಲ್ಲಿ ಮನೆ ಕಟ್ಟಬೇಕೆಂದು ಲೆಕ್ಕ ಹಾಕಿದೆ. ಇಟ್ಟಿಗೆಯವನ ಲೆಕ್ಕ, ಸಿಮೆಂಟಿನವನ ಲೆಕ್ಕ, ಗೌಂಡಿಯ ಲೆಕ್ಕ ಕೂಡಿಸಿದಾಗ ನನಗೆ ಶಾಲೆ ಬಿಟ್ಟದ್ದು ಒಳ್ಳೆಯದೇ ಆಯಿತೆನಿಸಿತು. ಅಷ್ಟು ದೊಡ್ಡ ಸಂಖ್ಯೆ ಓದಲು ಬರದಿದ್ದರೇ ನೆಮ್ಮದಿ. ಅದೇ ಹೊತ್ತಿಗೆ ಗುಜರಿಯವನೊಬ್ಬ ಒಂದು ಹಳೇ ಬಸ್ಸನ್ನು ಒಡೆಯಲು ನಿಂತಿದ್ದ. ಎಂಜಿನ್ ಬಿಚ್ಚಿ ಮಾರಿಯಾಗಿತ್ತು, ಮೈ ಗಟ್ಟಿಯಿತ್ತು, ಆರೂ ಗಾಲಿ ಇದ್ದವು. ಅದನ್ನು ಕೊಂಡು, ಎಳೆಸಿ ತಂದು ಹೊಲದ ಬೇವಿನ ಗಿಡದ ಕೆಳಗೆ ನಿಲ್ಲಿಸಿದೆ. ಸೀಟು ಕಿತ್ತು, ಹಿಂದೆ ಅಡುಗೆಗೆ ಜಾಗ ಮಾಡಿ, ಡ್ರೈವರ್ ಕೂರುವಲ್ಲಿ ದೇವರ ಜಗಲಿ ಮಾಡಿದೆವು. ಒಳಗೆಲ್ಲ ಬಣ್ಣ ಹೊಡೆದೆ. ಆದರೆ ಬಸ್ಸಿನ ಬರಹಗಳನ್ನು ಅಳಿಸಲು ಮನಸ್ಸಾಗಲಿಲ್ಲ. ಒಲೆಯ ಮೇಲೆ ‘ಧೂಮಪಾನ ನಿಷೇಧಿಸಲಾಗಿದೆ’, ಕಿಟಕಿಗೆ ‘ಕೈ ತಲೆ ಹೊರಗೆ ಹಾಕಬೇಡಿ’, ಮುಂದಿನ ಬಾಗಿಲಿನ ಎದುರಿಗೆ ಕೆಂಪಕ್ಷರದಲ್ಲಿ ‘ಮಹಿಳೆಯರಿಗೆ’. ಎಲ್ಲ ಲ, ಳ ಸರಿಯಾಗಿರುವ ಬರಹ. ನನ್ನ ಮನೆಯಲ್ಲಿ ಅಂಥದ್ದು ಸಿಕ್ಕುವುದೇ ಅಪರೂಪ.

ಈ ತೆರಿಗೆಯ ವಿಷಯದಲ್ಲಿ ನಮ್ಮ ಕಡೆ ಒಂದು ಚಂದವಿದೆ. ಹೊಲಕ್ಕೆ ಕೊಟ್ಟರೆ ಕಂದಾಯ, ಮನೆಗೆ ಕೊಟ್ಟರೆ ಪಟ್ಟಿ, ಗಾಡಿಗೆ ಕೊಟ್ಟರೆ ಟ್ಯಾಕ್ಸು. ಕಂದಾಯದ ಬಗ್ಗೆ ನನಗೆ ಯಾವತ್ತೂ ತಕರಾರಿಲ್ಲ. ಅದನ್ನು ಕಟ್ಟಿ ಬರಲು ಆಗುವ ಚಹಾದ ಖರ್ಚೇ ಅದಕ್ಕಿಂತ ಹೆಚ್ಚು. ಆದರೆ ಈಗ ಹೊಲದ ಮೇಲೆ ಗಾಡಿ, ಗಾಡಿಯ ಒಳಗೆ ಮನೆ. ಯಾರು ಬಂದರೂ ಸಿಕ್ಕಿಬೀಳುವ ಹಾಗೆ ನಾನೇ ಹೋಗಿ ಕೂತಿದ್ದೆ. ಮೊದಲು ಬಂದವನು ಪಂಚಾಯಿತಿಯ ಪಟ್ಟಿ ವಸೂಲಿ ಮಾಡುವ ಹುಸೇನಪ್ಪ.

“ಶರಣಪ್ಪಣ್ಣ, ಮನಿಪಟ್ಟಿ ಬಂದೈತ್ರಿ.”

“ಯಾವ ಮನಿಗೆ?”

“ನೀವು ಕುಂತೀರಲ್ಲ, ಅದಕ್ಕ.”

“ಇದು ಬಸ್ಸು.”

“ಬಸ್ಸಿನ್ಯಾಗ ಒಲಿ ಉರಿಯಾಕತ್ತೈತಲ್ರೀ.”

“ಲಾರಿ ಡ್ರೈವರು ಲಾರಿಯಾಗ ಅನ್ನ ಮಾಡ್ಕೊಳ್ಳಂಗಿಲ್ಲೇನು? ಅವನಿಗೂ ಮನಿಪಟ್ಟಿ ಹಚ್ಚೀಯೇನು?”

“ಹೊಸ್ತಿಲಕ್ಕ ಅಕ್ಕಾರು ಅರಿಶಿಣ ಕುಂಕುಮ ಹಚ್ಚ್ಯಾರಲ್ರೀ.”

“ಅದು ಹೊಸ್ತಿಲಲ್ಲಪಾ, ಫುಟ್‌ಬೋರ್ಡು!”

“ಮತ್ತ ಎಂಜಿನ್ ಎಲ್ಲೈತಿ?”

“ಎತ್ತಿನ ಬಂಡಿಗೆ ಎಂಜಿನ್ ಇರತೈತೇನು?”

“ಬಂಡಿಗೆ ಎತ್ತಾದ್ರೂ ಇರತಾವ್ರೀ. ನೀವು ಇದಕ್ಕ ಬೇವಿನ ಗಿಡ ಕಟ್ಟೀರಿ” ಎಂದು ಹುಸೇನಪ್ಪ ಬಸ್ಸಿನಿಂದ ಗಿಡಕ್ಕೆ ಕಟ್ಟಿದ್ದ ಬಟ್ಟೆ ಒಣಹಾಕುವ ಹಗ್ಗ ತೋರಿಸಿದ.

ಅಮರಮ್ಮ ಚಹಾ ತಂದುಕೊಟ್ಟು, “ಪಟ್ಟಿ ಕಟ್ಟಿದ್ರ ಮನಿಗೆ ನಂಬರ ಕೊಡ್ತಾರೇನಪ ಹುಸೇನಪ್ಪ?” ಎಂದು ಕೇಳಿದಳು. “ಕೊಡ್ತಾರಕ್ಕ. ಬಾಗಿಲಿಗೆ ಬರೀತೀವಿ, ಪಂಚಾಯಿತ್ಯಾಗ ಹೆಸರು ಏರಿಸ್ತೀವಿ.” ಅವಳು ನನ್ನ ಕಡೆ ತಿರುಗಿ, “ಕಟ್ಟಿಬಿಡ್ರೀ. ನಮ್ಮದೂ ಅಂತ ಒಂದು ನಂಬರ ಆಗ್ಲಿ” ಎಂದಳು. “ನ್ಯಾಯ ಅಂದ್ರ ನ್ಯಾಯ” ಎಂದೆ ನಾನು. ನೀವೇ ಹೇಳಿ, ಇಡೀ ಜೀವಮಾನ ಗಾಲಿಯ ಸೇವೆ ಮಾಡಿದವನು ಆರು ಗಾಲಿ ಇರುವ ವಸ್ತುವನ್ನು ಮನೆ ಎಂದು ಹೇಗೆ ಒಪ್ಪಿಕೊಳ್ಳಬೇಕು? ಪಟ್ಟಿಯ ಮೊತ್ತ ದೊಡ್ಡದಲ್ಲ. ನನ್ನ ಹಟ ದೊಡ್ಡದು. ಅಂದೇ ತಕರಾರು ಅರ್ಜಿ ಬರೆಯಲು ಕೂತೆ. ಅಮರಮ್ಮ, “ತೋರಸ್ರಿ, ತಪ್ಪಿದ್ರ ತಿದ್ದತೀನಿ” ಎಂದಳು. ಎದುರು ಪಕ್ಷದವರಿಗೆ ಅರ್ಜಿ ತೋರಿಸಬಾರದೆಂದು ಮಡಚಿ ಜೇಬಿಗಿಟ್ಟೆ.

ಪಂಚಾಯಿತಿಯ ಅಧಿಕಾರಿ ಮೇಡಂ ಎಲ್ಲರ ಎದುರಿಗೇ ಅದನ್ನು ಓದಿದರು: “ಸದರಿ ಬಸ್ಸಿಗೆ ಆರು ಗಾಳಿ ಇರುವ ಪ್ರಯುಕ್ತ ಇದು ಮನೆಯಾಗಿರುವುದಿಲ್ಲ.” ಕಚೇರಿ ಗೊಳ್ಳೆಂದಿತು. ನನಗೆ ಏಳನೇ ತರಗತಿಯ ಬೆಂಚು ನೆನಪಾಯಿತು. ಆದರೆ ಮೇಡಂ ನಗಲಿಲ್ಲ, ಅರ್ಜಿಯನ್ನು ಇನ್ನೊಮ್ಮೆ ನೋಡಿದರು. “ಶರಣಪ್ಪನವರ, ನೀವು ಬರೆದದ್ದು ಭಾಳ ಬರೋಬ್ಬರಿ ಐತಿ. ಬರೇ ಗಾಲಿ ಇದ್ರ ಗಾಡಿ ಆಗಂಗಿಲ್ಲ, ಗಾಲಿಯೊಳಗ ಗಾಳಿ ಇರಬೇಕು. ಸೋಮವಾರ ಮುಂಜಾನೆ ಬಂದು ನೋಡ್ತೀನಿ. ಆರಕ್ಕೂ ಗಾಳಿ ಇದ್ದು, ನಾಕು ಹೆಜ್ಜಿ ಉರುಳಿದ್ರ ಗಾಡಿ. ಇಲ್ಲಾಂದ್ರ ಮನಿ. ಒಪ್ಪಿಗೇನು?” ಇದು ಯಾವ ಕಾನೂನು ಪುಸ್ತಕದಲ್ಲಿದೆಯೋ ನನಗೆ ತಿಳಿಯದು. ಆದರೆ ಗಾಳಿಯಲ್ಲಿ ನನಗೆ ಪರೀಕ್ಷೆ! ಮೀನಿಗೆ ಈಜಲು ಬರುತ್ತದೆಯೇ ಎಂದು ಕೇಳಿದ ಹಾಗೆ. ನಗುತ್ತಲೇ ಒಪ್ಪಿ ಬಂದೆ.

ಶುಕ್ರವಾರ ಕಂಪ್ರೆಸರ್ ತಂದು ಆರೂ ಗಾಲಿಗೆ ಗಾಳಿ ತುಂಬಿದೆ. ಬಸ್ಸು ಒಂದು ಗೇಣು ಮೇಲೆದ್ದು ಗಂಭೀರವಾಗಿ ನಿಂತಿತು. ಶನಿವಾರ ಅಂಗಡಿಯಿಂದ ಬಂದು ನೋಡಿದರೆ ಮತ್ತೆ ಕೂತಿದೆ. ಜಾಲಿ ಮುಳ್ಳಿರಬೇಕೆಂದು ಬಸ್ಸಿನ ಸುತ್ತ ನೆಲ ಗುಡಿಸಿದೆ. ಮತ್ತೆ ಗಾಳಿ ತುಂಬಿ, ಸೋಪಿನ ನೀರು ಹಚ್ಚಿ ಪ್ರತಿ ಟೈರನ್ನೂ ಬೆರಳಿನಿಂದ ತಡವಿದೆ. ಒಂದು ಗುಳ್ಳೆಯೂ ಏಳಲಿಲ್ಲ. ಭಾನುವಾರ ಒಂದು ಗಳಿಗೆ ಮಸ್ಕಿಗೆ ಹೋಗಿ ಬರುವಷ್ಟರಲ್ಲಿ ಮತ್ತೆ ನೆಲಕ್ಕೆ! ಸುದ್ದಿ ಗಾಳಿಗಿಂತ ಬೇಗ ಹೋಯಿತು. ಟ್ರ್ಯಾಕ್ಟರಿನ ಸಾಬಣ್ಣ, ನನ್ನ ಹಳೇ ಗೆಳೆಯ, ಹೋಟೆಲಿನಲ್ಲಿ ಎಲ್ಲರೂ ಕೇಳುವಂತೆ, “ಊರ ಗಾಲಿಗೆಲ್ಲ ಗಾಳಿ ಹಾಕೋನ ಮನ್ಯಾಗ ಗಾಳಿ ನಿಂದ್ರವಲ್ದಂತಲ್ಲೋ ಶರಣ್ಯಾ!” ಎಂದ. ನಾನು ಅವನ ತಪ್ಪು ಹಿಡಿದೆ: “ಮನಿ ಅಲ್ಲಲೇ, ಗಾಡಿ!” ಒಳಗೊಳಗೆ ಮಾತ್ರ ಅಳುಕಿತ್ತು. ಇದು ಹುಸೇನಪ್ಪನದೇ ಕೆಲಸ ಎಂದು ಅಮರಮ್ಮನಿಗೆ ಹೇಳಿದೆ. “ಪಾಪ, ಅವಗೇನ ಬಂದೈತ್ರೀ? ಹಳೇ ಟೈರು, ಸುಸ್ತಾಗಿರಬೇಕು” ಎಂದು ಒಂದು ರೊಟ್ಟಿ ಹೆಚ್ಚಿಗೆ ಹಾಕಿದಳು.

ಸೋಮವಾರ ಬೆಳಿಗ್ಗೆ ಎದ್ದವನೇ ಮತ್ತೆ ಗಾಳಿ ತುಂಬಿ, ಬಸ್ಸು ಎಳೆಯಲು ಸಾಬಣ್ಣನ ಟ್ರ್ಯಾಕ್ಟರು ಕರೆತರಲು ಹೋದೆ. ಬಂದು ನೋಡಿದರೆ ಆರಕ್ಕೆ ಆರೂ ಚಪ್ಪಟೆ. ಸಾಬಣ್ಣ ಸ್ಟಿಯರಿಂಗಿನ ಮೇಲೆ ಬಿದ್ದು ನಕ್ಕ. ನಾನು ಬಸ್ಸಿನ ಕೆಳಗೆ ತೆವಳಿಕೊಂಡು ಹೋದೆ. ಹಿಂದಿನ ಜೋಡಿ ಗಾಲಿಗಳಲ್ಲಿ ಒಳಗಿನದರ ಗಾಳಿ ತುಂಬುವ ವಾಲ್ವಿಗೆ ಕೈ ಹೋಗುವುದು ಬಹಳ ಕಷ್ಟ, ನನ್ನಂಥವನಿಗೇ ಮೊಣಕೈ ತರಚುತ್ತದೆ. ಅದರ ಬಾಯಿಗೆ ಹಾಕುವ ಟೋಪಿಯ ಮೇಲೆ ಬೆಳ್ಳಗೆ ಏನೋ ಇತ್ತು. ಬೆರಳಿನಿಂದ ಒರೆಸಿ ಮೂಸಿದೆ. ಜೋಳದ ಹಿಟ್ಟು. ನನ್ನ ನೆತ್ತಿಯ ಮೇಲೆ, ತಗಡಿನ ಆಚೆ, ಅಷ್ಟು ಹೊತ್ತು ಕೇಳುತ್ತಿದ್ದ ರೊಟ್ಟಿ ಬಡಿಯುವ ಸದ್ದು ನಿಂತಿತು.

“ಅಮರಮ್ಮ!”

“ಏನ್ರೀ?”

“ಟೋಪಿಗೆ ಹಿಟ್ಟು ಹತ್ತೈತಿ.”

ಹಿಟ್ಟಿನ ಕೈ ಕೊಡವಿದ ಸದ್ದು. ಆಮೇಲೆ, “ಕೈ ತೊಳಕೊಂಡು ಇಳೀಬೇಕಾಗಿತ್ತು” ಎಂದು ತನಗೆ ತಾನೇ ಅಂದುಕೊಂಡದ್ದು ಕೇಳಿಸಿತು.

“ಗಾಳಿ ಬಿಡೋದು ಯಾರು ಕಲಿಸಿದ್ರು ನಿನಗ?”

“ಇಷ್ಟು ವರ್ಷ ಅಂಗಡಿ ಹಿಂದ ಇದ್ದೀನಲ್ರೀ. ಕಿಟಕಿ ಇತ್ತು.”

“ಒಂದು ಮಾತು ಹೇಳಬಾರದಾಗಿತ್ತೇನು?”

“ಹೇಳೀನಿ. ನೀವು ನ್ಯಾಯ ಮಾಡಾಕತ್ತಿದ್ರಿ.” ಹಂಚಿನ ಮೇಲಿನ ರೊಟ್ಟಿ ತಿರುವಿದ ಸದ್ದು. “ಗಾಲಿ ಇದ್ದದ್ದು ಹೋಗೋದ್ರೀ. ನಾ ಭಾಳ ಊರು ಹೋದೆ. ಇನ್ನ ಒಂದ ಕಡೆ ಇರಬೇಕು ಅನಿಸೈತಿ.”

ಬಸ್ಸಿನ ಕೆಳಗೆ ಅಂಗಾತ ಮಲಗಿದವನಿಗೆ ವಾದ ಮಾಡಲು ಧೈರ್ಯ ಬರುವುದಿಲ್ಲ. ಹೊರಗೆ ಬಂದೆ. ಸಾಬಣ್ಣ ನಗು ನಿಲ್ಲಿಸಿ, “ಕಂಪ್ರೆಸರ್ ಚಾಲೂ ಮಾಡ್ಲೇನೋ? ಅವರು ಬರೂದ್ರಾಗ ತುಂಬಿಬಿಡೂಣು” ಎಂದ. ತುಂಬಬಹುದಿತ್ತು. ಗೆಲ್ಲಲೂಬಹುದಿತ್ತು. ಅಷ್ಟರಲ್ಲಿ ಮೇಡಂ ಸ್ಕೂಟರಿನಲ್ಲಿ ಬಂದರು, ಹಿಂದಿನ ಸೀಟಿನಲ್ಲಿ ಹುಸೇನಪ್ಪ. ಅಮರಮ್ಮ ಹಿಟ್ಟಿನ ಕೈಯಲ್ಲೇ ಫುಟ್‌ಬೋರ್ಡಿನ ಮೇಲೆ, ಅಲ್ಲ, ಹೊಸ್ತಿಲ ಮೇಲೆ ಬಂದು ನಿಂತಳು. ನನ್ನ ಮುಖ ನೋಡಲಿಲ್ಲ. ಬಾಗಿಲಿನ ಖಾಲಿ ಜಾಗ ನೋಡುತ್ತಿದ್ದಳು.

“ಕಂಪ್ರೆಸರ್ ಇರಲಿ ಬಿಡೋ ಸಾಬಣ್ಣ” ಎಂದೆ. “ಮೇಡಂ, ಬರಕೊಳ್ರಿ. ಮನಿ.”

“ಮತ್ತ ನಿಮ್ಮ ಆರು ಗಾಳಿ?”

“ಹಾರಿ ಹೋದ್ವು.”

ಮೇಡಂ ಚಪ್ಪಟೆ ಗಾಲಿ ನೋಡಿದರು, ಅಮರಮ್ಮನ ಹಿಟ್ಟಿನ ಕೈ ನೋಡಿದರು. “ಯಾರ ಹೆಸರಿಗೆ ಏರಿಸ್ಲಿ?” ಎಂದರು. ಹೊಲ ನಮ್ಮಪ್ಪನದು, ಬಸ್ಸು ನನ್ನ ದುಡಿಮೆಯದು. ನಾನು ‘ಶರಣಪ್ಪ’ ಎನ್ನಲು ಬಾಯಿ ತೆರೆದೆ. ಅಷ್ಟರಲ್ಲಿ ಹುಸೇನಪ್ಪ ಒಳಗೆ ಬಗ್ಗಿ ನೋಡಿ, ಕೆಂಪಕ್ಷರದ ಕಡೆ ಬೆರಳು ತೋರಿಸಿ, “ಕೇಳೋದೇನೈತ್ರಿ ಮೇಡಂ, ಇಲ್ಲಿ ಬರದೇ ಐತಲ್ಲ, ‘ಮಹಿಳೆಯರಿಗೆ’” ಎಂದ. ಸಾಬಣ್ಣ ಮತ್ತೆ ಸ್ಟಿಯರಿಂಗಿನ ಮೇಲೆ ಬಿದ್ದ. ತೆರೆದ ಬಾಯಿ ಮುಚ್ಚಬೇಕಲ್ಲ, ಹಾಗಾಗಿ ನಾನೂ ನಕ್ಕೆ. “ಅಮರಮ್ಮ ಅಂತ ಬರಕೊಳ್ರಿ” ಎಂದೆ. ಎಲ್ಲರಿಗೂ ಬಿಸಿ ರೊಟ್ಟಿ, ಗುರೆಳ್ಳು ಚಟ್ನಿ ಬಂತು. ತೆರಿಗೆ ಹೇರಿಸಿಕೊಂಡದ್ದಕ್ಕೆ ಊಟ ಹಾಕಿದ ಮೊದಲ ಮನೆ ನಮ್ಮದೇ ಇರಬೇಕು.

ಹುಸೇನಪ್ಪ ‘ಒಳಗೆ’ ಎಂದು ಬರೆದಿದ್ದ ಬಾಗಿಲ ಮೇಲೆ ನಂಬರು ಬರೆದ. ಬಣ್ಣ ಒಣಗುವ ಮೊದಲೇ ಮುದಗಲ್‌ಗೆ ಫೋನು ಹೋಗಿತ್ತು. ನಮ್ಮ ಮಸ್ಕಿಯ ಗುಡ್ಡದಲ್ಲಿ ಕಲ್ಲಿನ ಮೇಲೆ ಕೊರೆದ ಬರಹ ಎರಡು ಸಾವಿರ ವರ್ಷ ದಾಟಿದರೂ ಉಳಿದಿದೆ; ಪಂಚಾಯಿತಿಯ ಬಣ್ಣ ಎರಡು ಮಳೆಗಾಲ ದಾಟುವುದಿಲ್ಲ. ಆದರೂ ಅಮರಮ್ಮ ದಿನಾ ಬೆಳಿಗ್ಗೆ ಆ ನಂಬರನ್ನು ಸೆರಗಿನಿಂದ ಒರೆಸುತ್ತಾಳೆ. ಅದು ಧೂಳಿಗಲ್ಲ ಎಂದು ಈಗ ನನಗೆ ಗೊತ್ತು. ಮೊನ್ನೆ ಬಂದ ಮದುವೆ ಕಾರ್ಡಿನ ಮೇಲೆ ‘ಶ್ರೀಮತಿ ಅಮರಮ್ಮ, ಆರು ಗಾಳಿಯ ಮನೆ’ ಎಂದಿತ್ತು. ಕೆಳಗೆ ಸಣ್ಣಕ್ಷರದಲ್ಲಿ ‘ಮತ್ತು ಯಜಮಾನರು’. ಅಂದು ಮಾವನ ಮುಂದೆ ಎದೆಯುಬ್ಬಿಸಿ ಬಂದ ನಾನು ಸ್ವಂತ ಹೊಲದಲ್ಲಿ, ಸ್ವಂತ ದುಡ್ಡಿನಲ್ಲಿ ಮನೆಯಳಿಯನಾಗಿದ್ದೇನೆ. ‘ಅಳಿಯ’ಕ್ಕೆ ಯಾವ ಅಕ್ಷರ ಎಂದು ಅವಳನ್ನೇ ಕೇಳಿ ಬರೆದೆ.

ಈಗ ನನ್ನ ಹೆಸರಿನಲ್ಲಿರುವುದು ಇಷ್ಟು: ಪಂಚರ್ ಅಂಗಡಿ ಒಂದು, ಕಂಪ್ರೆಸರ್ ಒಂದು, ತಪ್ಪು ಬರೆದ ಬೋರ್ಡು ಒಂದು, ಖುಷ್ಕಿ ಹೊಲ ಒಂದೂವರೆ ಎಕರೆ. ಗಾಲಿ ಆರು, ಗಾಳಿ ಸೊನ್ನೆ. ಮನೆ ಇಲ್ಲ.