ಮಣ್ಣೆತ್ತಿನ ಬಲಗಿವಿ

ಸಂಶೋಧನೆ ಮಾಡುವವನು ಮನೆಯಲ್ಲಿ ಮಣ್ಣು ಇಡಬಾರದು. ಇಟ್ಟರೂ ಹಬ್ಬದ ಮುಂದೆ ಇಡಬಾರದು. ನಾನು ಗೋಕಾಕದ ಕಾಲೇಜೊಂದರಲ್ಲಿ ಸೂಕ್ಷ್ಮಜೀವಿಶಾಸ್ತ್ರ ಕಲಿಸುತ್ತೇನೆ. ಅಂದರೆ ಕಣ್ಣಿಗೆ ಕಾಣದ್ದನ್ನು ಕೇಳಲು ಮನಸ್ಸಿಲ್ಲದವರಿಗೆ ಹೇಳುತ್ತೇನೆ. ಡಾಕ್ಟರೇಟಿನ ಆಸೆಗೆ ಬಿದ್ದು ಗೋಕಾಕ, ಮೂಡಲಗಿ, ಹುಕ್ಕೇರಿ ಮೂರೂ ಕಡೆಯ ಹೊಲಗಳಲ್ಲಿ ಮಣ್ಣು ಕೆದರಿದೆ. ಮಣ್ಣಿನ ಕೆಲವು ಬ್ಯಾಕ್ಟೀರಿಯಾಗಳು ಕೊಬ್ಬಿನಂಥ ಜಿಡ್ಡು ಬಿಟ್ಟು ಬಾಜೂಕಿನ ರೋಗಾಣುಗಳನ್ನು ಕೊಲ್ಲುತ್ತವೆ. ನೆರೆಯವರನ್ನು ಸಹಿಸದ ಗುಣ ನಮ್ಮ ಓಣಿಯಲ್ಲೂ ಬೇಕಾದಷ್ಟಿದೆ, ಆದರೆ ಅದರಿಂದ ಔಷಧಿ ಆಗುವುದಿಲ್ಲ.

ಹುಕ್ಕೇರಿ ತಾಲೂಕಿನ ಹತ್ತರಗಿಯ ಕಬ್ಬಿನ ಹೊಲದ ಬದುವಿನ ಮಣ್ಣಿನಲ್ಲಿ ಅಂಥದ್ದೊಂದು ಸಿಕ್ಕಿತು. ಗಾಜಿನ ತಟ್ಟೆಯಲ್ಲಿ ಅದರ ಸುತ್ತ ರೋಗಾಣು ಸತ್ತು ತಿಳಿಯಾದ ಉಂಗುರ ಕಂಡ ದಿನ ಸ್ಟಾಫ್ ರೂಮಿಗೆಲ್ಲ ಕರದಂಟು ಹಂಚಿದೆ. ಬಾಯಿಯ ಸಿಹಿ ಆರುವ ಮೊದಲೇ ಕಾಲೇಜಿನ ಫ್ರಿಜ್ ಕೆಟ್ಟು, ನನ್ನ ಬ್ಯಾಕ್ಟೀರಿಯಾ ಬೇಸಿಗೆಗೆ ಸತ್ತಿತು. ಹತ್ತರಗಿಗೆ ಓಡಿದರೆ ರಸ್ತೆ ಅಗಲ ಮಾಡುವವರು ಆ ಬದುವನ್ನೇ ಬಗೆದಿದ್ದರು. ಇರಲಿ, ಉಳಿದ ಮಣ್ಣು ಮನೆಯಲ್ಲಿದೆಯಲ್ಲ ಎಂದು ಬಂದು ನೋಡಿದರೆ ತಾಲೂಕಿಗೊಂದರಂತೆ ತುಂಬಿಟ್ಟಿದ್ದ ಮೂರೂ ಚೀಲ ಖಾಲಿ.

ಅಂದು ಮಣ್ಣೆತ್ತಿನ ಅಮಾವಾಸ್ಯೆ. ದೇವರ ಜಗಲಿಯ ಮೇಲೆ ಮಣ್ಣಿನ ಜೋಡೆತ್ತು ಅರಿಶಿನ ಕುಂಕುಮ ಹಚ್ಚಿಕೊಂಡು ನಿಂತಿದ್ದವು.

"ಅವ್ವಾ, ಚೀಲದಾಗಿನ ಮಣ್ಣ ಎಲ್ಲಿ?"

"ಎತ್ತ ಮಾಡೇನಿ. ತಗೊಳ್ಳೇನು ಅಂತ ಕೇಳಿದ್ರ ಫೋನ್ ನೋಡ್ಕೋಂತ ಹೂಂ ಅಂದ್ಯಲ್ಲ! ಮೂರೂ ಚೀಲ ಕೂಡಿಸಿ ನಾದೇನಿ. ಒಂದ ಮಣ್ಣಾದ್ರ ಬಿರಿತಾವು."

"ಒಂದು ಕಾಲ ಕೊಡವ್ವಾ. ನನ್ನ ಡಾಕ್ಟರೇಟ್ ಅದರಾಗ ಐತಿ."

"ಪೂಜಿ ಆದ ಎತ್ತಿನ ಕಾಲ ಮುರಿಯಾಂವೇನು? ಕುಂಟ ಎತ್ತ ಯಾವ ಹೊಲ ಊಳತೈತಿ?"

ಮರುದಿನ ಹೊಳೆಗೆ ಬಿಡುವ ಎತ್ತುಗಳು. ವರ್ಷಗಟ್ಟಲೆಯ ಕೆಲಸ ಘಟಪ್ರಭೆಯ ಪಾಲಾಗುತ್ತದೆಂದು ನನಗೆ ನಿಜವಾಗಿಯೂ ಅಳು ಬಂತು. ಅವ್ವ ಅದನ್ನು ನೋಡಿ, ಎತ್ತಿಗೆ ಕೈಮುಗಿದು ತಪ್ಪಾಯಿತೆಂದು ಹೇಳಿ, ಬಲಗಿವಿಯನ್ನು ಚಿವುಟಿ ನನ್ನ ಅಂಗೈಗಿಟ್ಟಳು.

"ತಗೋ. ಕಿವಿ ಇಲ್ಲಂದ್ರೂ ಎತ್ತ ದುಡಿತೈತಿ. ನೀ ಕಿವಿ ಇದ್ದೂ ಎಲ್ಲಿ ಕೇಳ್ತಿ?"

ಆ ಕಿವಿಯ ಮಣ್ಣಿನಲ್ಲಿ ಉಂಗುರ ಬಿಡುವ ಬ್ಯಾಕ್ಟೀರಿಯಾ ಮತ್ತೆ ಸಿಕ್ಕಿತು. ಕುಣಿಯುತ್ತಾ ಮಾರ್ಗದರ್ಶಕರ ಮುಂದೆ ಹೋಗಿ ನಿಂತೆ. "ಯಾವ ಊರ ಮಣ್ಣ್ರಿ ಇದು?" ಎಂದರು. ಎತ್ತಿನ ಬಲಗಿವಿ, ಮೂರೂ ತಾಲೂಕಿನ ಮಣ್ಣು ಕೂಡಿದ್ದು ಎಂದು ನಡೆದದ್ದನ್ನೆಲ್ಲ ಹೇಳಿದೆ. ಅವರು ಕನ್ನಡಕ ತೆಗೆದಿಟ್ಟು ಬಹಳ ಹೊತ್ತು ಏನೋ ವಿವರಿಸಿದರು. ನಾನು ಫೋನಿನಲ್ಲಿ ಹೊಸ ಉಂಗುರದ ಫೋಟೋ ನೋಡುತ್ತಾ ಹೂಂ ಅಂದೆ. ಮೂರೂ ತಾಲೂಕಿನ ಮಣ್ಣನ್ನು ಮೊದಲಿನಿಂದ ತಂದು ಪರೀಕ್ಷಿಸಲು ಒಪ್ಪಿಕೊಂಡಿದ್ದೇನೆಂದು ಹೊರಗೆ ಬಂದ ಮೇಲೆ ಗೊತ್ತಾಯಿತು.