ಉಪ್ಪಿನ ಭರಣಿಯಲ್ಲಿ ಕಾಡತೂಸು

ಸಂಗಮೇಶ, ಅಕ್ಷತಾ, ಸಾಮಾನು ಕೆಡದಂತೆ ಇಡುವುದರಲ್ಲಿ ನಿಮ್ಮ ಆಯಿಯಾದ ನನ್ನನ್ನು ಮೀರಿಸುವವರು ಈ ಓಣಿಯಲ್ಲೇ ಇಲ್ಲ ಎಂದು ನಾನು ಬಲವಾಗಿ ನಂಬಿದ್ದೆ.

ನಮ್ಮ ಹೊಲ ಕಪ್ಪತಗುಡ್ಡದ ಬುಡದಲ್ಲಿದೆ. ಶೇಂಗಾ ಬಲಿಯುವ ಹೊತ್ತಿಗೆ ಕಾಡುಹಂದಿಗಳು ಬರುತ್ತವೆ. ಸಪ್ಪಳ ಮಾಡಿ ಓಡಿಸಲು ನಿಮ್ಮ ಅಜ್ಜನ ಬಂದೂಕಿತ್ತು. ಅವರು ತೀರಿಕೊಂಡ ಮೇಲೆ ಲೈಸೆನ್ಸ್ ನಿಮ್ಮಪ್ಪನ ಹೆಸರಿಗಾಯಿತು. ಆತ ಅದರ ಮದ್ದು ತುಂಬಿದ ಕಾಡತೂಸುಗಳನ್ನು ನನ್ನ ಕೈಗಿತ್ತ.

"ಅವ್ವಾ, ಹುಡುಗರ ಕೈಗೆ ಸಿಗದಂಗ ಇಡು. ಕೆಡಬಾರದು ಮತ್ತ."

ಎಲ್ಲಿಡಲಿ ಎಂದು ಕೇಳಲು ನನಗೆ ಸಂಕೋಚ. ನಾನೇ ಯೋಚಿಸಿದೆ. ಉಪ್ಪಿನಲ್ಲಿಟ್ಟ ಮಾವಿನಕಾಯಿ ವರ್ಷಗಟ್ಟಲೆ ಕೆಡುವುದಿಲ್ಲ. ಕಾಡತೂಸಿಗೇನು ಧಾಡಿ! ಉಪ್ಪಿನ ಭರಣಿಯಲ್ಲಿ ಹೂತು, ಬಾಯಿಗೆ ಬಟ್ಟೆ ಕಟ್ಟಿ, ಅಟ್ಟಕ್ಕೇರಿಸಿದೆ.

ಮಳೆಗಾಲ ಮುಗಿಯಿತು. ಒಂದು ಮುಂಜಾನೆ ನಿಮ್ಮಪ್ಪ ಹೊಲಕ್ಕೆ ಹೊರಟವನು, "ನಾಳೆ ಠಾಣೆದಾಗ ಬಂದೂಕು, ಕಾಡತೂಸು ತೋರಸಬೇಕವ್ವಾ. ನೆಟ್ಟಗಿಲ್ಲಂದ್ರ ಲೈಸೆನ್ಸ್ ಹೋತು, ಶೇಂಗಾನೂ ಹೋತು" ಎಂದ.

ಭರಣಿ ಬಿಚ್ಚಿದೆ. ಉಪ್ಪು ನೀರೊಡೆದಿತ್ತು. ಕಾಡತೂಸುಗಳ ಹಿತ್ತಾಳೆಯ ತಳವೆಲ್ಲ ಹಸಿರು ಕಿಲುಬು!

ಆದರೆ ದೇವರ ದೀಪ ತಿಕ್ಕಿ ಪಳಗಿದ ಕೈ ನನ್ನದು. ಕಿಲುಬಿನ ಔಷಧ ನನಗೆ ಗೊತ್ತಿಲ್ಲವೇ? ಹುಣಸೆಹಣ್ಣಿನ ನೀರಿನಲ್ಲಿ ನೆನೆಹಾಕಿ, ಬೂದಿ ಹಚ್ಚಿ ತಿಕ್ಕಿದೆ. ಹಿತ್ತಾಳೆ ಬಂಗಾರದಂತೆ ಹೊಳೆಯಿತು. ಆದರೆ ಅವು ಹಳೆಯ ಕಾಲದವು, ಮೇಲ್ಭಾಗ ದಪ್ಪ ಕಾಗದದ್ದು. ಅದು ನೀರು ಕುಡಿದು ನೆನೆದ ಕಡಲೆಯಂತೆ ಉಬ್ಬಿಕೊಂಡಿತು!

ಒಣಗಿಸಬೇಕು. ಹೊರಗೆ ಮೋಡ. ಒಳಗೆ ಒಲೆ ಉರಿಯುತ್ತಿತ್ತು. ರೊಟ್ಟಿಯ ಹಂಚಿನ ಪಕ್ಕ, ಒಲೆಕಟ್ಟೆಯ ಮೇಲೆ, ಸಂಡಿಗೆ ಇಟ್ಟಂತೆ ಸಾಲಾಗಿ ಇಟ್ಟೆ.

ರೊಟ್ಟಿ ಬಡಿಯಲು ನಿಮ್ಮವ್ವ ಬಂದಳು.

"ಅತ್ತಿ, ಒಲಿ ಬಾಜೂಕ ಏನ್ರಿ ಅದು?"

"ಕಾಡತೂಸವಾ. ಒಣಗಾಕ ಇಟ್ಟೀನಿ."

ಆಕೆಯ ಕೈಯಲ್ಲಿದ್ದ ಹಿಟ್ಟಿನ ಪರಾತ ಢಣ್ಣನೆ ನೆಲಕ್ಕೆ ಬಿತ್ತು. ನಾನು "ಕಾಡತೂಸು ಹಾರಿತು!" ಎಂದು ಚೀರಿದೆ. ಆಕೆ ನನ್ನ ರಟ್ಟೆ ಹಿಡಿದು ಹೊರಗೆಳೆದಳು. ಪಕ್ಕದ ಮನೆಯ ಗಂಗಕ್ಕನಿಗೆ ಇಷ್ಟೇ ಸಾಕಾಯಿತು; ನನ್ನ ಹೆಸರು ಹಿಡಿದೇ ಕೂಗಿದಳು.

"ಎಲ್ಲಾರೂ ಹೊರಗ ಬರ್ರಿ! ನೀಲವ್ವ ಕಾಡತೂಸು ಹುರಿಯಾಕತ್ತಾಳ!"

ಇಡೀ ಓಣಿ ಬಯಲಿಗೆ ಬಂತು. ನೀವಿಬ್ಬರೂ ಶಾಲೆಯಲ್ಲಿದ್ದಿರಿ, ಪುಣ್ಯ. ಪರರ ಮುಂದೆ ತಲೆ ಎತ್ತದ ನಾನು ಸೆರಗು ಜಾರಿ, ಮೊಣಕೈವರೆಗೆ ಬೂದಿ ಬಳಿದುಕೊಂಡು, ಊರ ಮುಂದೆ ನಿಂತಿದ್ದೆ!

ಸುದ್ದಿ ಕೇಳಿ ಹೊಲದಿಂದ ಓಡಿಬಂದ ನಿಮ್ಮಪ್ಪ ಯಾರ ಮಾತೂ ಕೇಳದೆ ಒಳಗೆ ನುಗ್ಗಿದ. ಆಗ ಮಾತ್ರ ನನ್ನ ನಾಚಿಕೆ, ಬೂದಿ, ಓಣಿ ಎಲ್ಲ ಮರೆತುಹೋಯಿತು. "ಬ್ಯಾಡೋ, ಹೊರಗ ಬಾರೋ!" ಎಂದು ಕೂಗಿದೆ. ಒಲೆಗೆ ನೀರು ಸುರಿದ ಚುಂಯ್ ಸದ್ದು ಕೇಳಿತು. ಕಾಡತೂಸುಗಳನ್ನು ಬಕೀಟಿನಲ್ಲಿ ಹಿಡಿದು ಆತ ಹೊರಬಂದಾಗಲೇ ನಾನು ಉಸಿರುಬಿಟ್ಟದ್ದು.

"ಯವ್ವಾ, ನಿನಗಿಂತ ಹಂದೀನ ಎಷ್ಟೋ ಚಲೋ!" ಎಂದ.

ಮರುದಿನ ಠಾಣೆಯ ಸಾಹೇಬರು ಕಾಡತೂಸು ಮೂಸಿ ನೋಡಿದರಂತೆ.

"ಹುಣಸಿಹಣ್ಣಿನ ವಾಸನಿ ಯಾಕ ಬರ್ತೈತೋ?"

"ನಮ್ಮವ್ವ ತೊಳದಾಳ್ರಿ."

ಅವನ್ನೆಲ್ಲ ತೆಗೆದುಕೊಂಡು, "ಹೊಸಾವನ್ನ ಒಣಾ ಜಾಗಾದಾಗ, ಬಿಗಿ ಡಬ್ಬಿಯೊಳಗ, ಕೀಲಿ ಹಾಕಿ ಇಡು. ಕಿಲುಬು ಹತ್ತಿದ್ರ ತಿಕ್ಕಬ್ಯಾಡ, ತಂದು ಒಪ್ಪಸು. ಕೀಲಿ ಯಾರ ಕಡೆ ಇರ್ತೈತಿ?" ಎಂದು ಕೇಳಿದರಂತೆ.

"ನಮ್ಮವ್ವನ ಕಡೆ ಅಂತೂ ಅಲ್ರಿ!"

ಆ ಒಂದು ಉತ್ತರಕ್ಕೇ ಲೈಸೆನ್ಸ್ ಉಳಿಯಿತು.

ಮಕ್ಕಳೇ, ನಿಮಗಾಗಿ ಬರೆದ ಈ ಹಾಳೆಗಳನ್ನು ಜೋಪಾನವಾಗಿ ಇಡಿರಿ. ಎಲ್ಲಿಡುವುದು ಎಂದು ಮಾತ್ರ ನನ್ನನ್ನು ಕೇಳಬೇಡಿ!