ಮಾಮಾನ ಸಕ್ಕರಿ, ಮೀನಿನ ಪುಡಿ

ಔಷಧದ ಅಂಗಡಿ ಇಟ್ಟವನು ನಗಲಿಕ್ಕೆ ನಾಟಕಕ್ಕೆ ಹೋಗಬೇಕಾಗಿಲ್ಲ. ಬೆಟಗೇರಿಯ ನನ್ನ ಅಂಗಡಿ ಕಟ್ಟೆಗೆ ದಿನಾ ಯಾರಾದರೊಬ್ಬರು ಬಂದು ಪುಕ್ಕಟೆ ಆಟ ತೋರಿಸಿ ಹೋಗುತ್ತಾರೆ. ನಾನು ನಡುನಡುವೆ ಸ್ವಲ್ಪ ಗಾಳಿ ಹಾಕುತ್ತೇನೆ, ಅಷ್ಟೆ. ಇಲ್ಲಿ ಬರೆದದ್ದೆಲ್ಲ ಖರೆ. ಖರೆ ಸಾಲದ ಕಡೆ ಮಾತ್ರ ಕೈಯಿಂದ ಒಂದಿಷ್ಟು ಹಾಕಿದ್ದೇನೆ.

೧. ಅಗಿದು ಕೊಟ್ಟ ಮೀನು

ನಮ್ಮ ಮಾಮಾ, ಅಂದರೆ ಅಕ್ಕನ ಗಂಡ, ಲಕ್ಷ್ಮೇಶ್ವರದಲ್ಲಿ ಟೇಲರ್. ಎರಡೂ ಕಣ್ಣಿಗೆ ಪೊರೆ ಬಂದಿತ್ತು. ಒಬ್ಬರ ಪ್ಯಾಂಟಿಗೆ ಎರಡೂ ಕಿಸೆ ಒಂದೇ ಕಡೆ ಹಚ್ಚಿಕೊಟ್ಟ ಮೇಲೆ ಊರವರು ಬಟ್ಟೆ ಕೊಡುವುದನ್ನೇ ಬಿಟ್ಟರು. ಗದಗಿನ ಕಣ್ಣಿನ ಡಾಕ್ಟರು, "ಮೊದಲ ಸಕ್ಕರಿ ಇಳಿಸಿಕೊಂಡು ಬರ್ರಿ, ಆಮ್ಯಾಲೆ ಆಪರೇಷನ್" ಅಂದುಬಿಟ್ಟರು. ಸಕ್ಕರೆ ಇಳಿಸಬೇಕೆಂದರೆ ಊಟ ಇಳಿಸಬೇಕು. ಮಾಮಾನ ಮುಂದೆ ಆ ಮಾತು ಆಡುವುದೂ ಒಂದೇ, ಎತ್ತಿನ ಬಾಯಿಂದ ಮೇವು ಕಸಿಯುವುದೂ ಒಂದೇ.

ಅದೇ ಹೊತ್ತಿಗೆ ಕಂಪನಿಯವನೊಬ್ಬ ಸುಡುಬಿಸಿಲಲ್ಲಿ ಟೈ ಕಟ್ಟಿಕೊಂಡು ನನ್ನ ಅಂಗಡಿಗೆ ಬಂದ.

"ಇದು ಮೀನಿನ ಪ್ರೋಟೀನ್ ಹೈಡ್ರೊಲೈಸೇಟ್ ಸರ್. ಪ್ರೋಟೀನನ್ನ ಕಿಣ್ವ ಹಾಕಿ ಸಣ್ಣ ಸಣ್ಣ ತುಂಡು ಮಾಡಿರ್ತೀವಿ. ಊಟಕ್ಕೆ ಮೊದಲು ನೀರಲ್ಲಿ ಕಲಸಿ ಕುಡಿದರೆ ಅರ್ಧ ತಾಸಿನಲ್ಲಿ ಹೊಟ್ಟೆ 'ಸಾಕು' ಅಂತ ಮಿದುಳಿಗೆ ಸುದ್ದಿ ಕಳಿಸ್ತದೆ. ಹಸಿವು ಕಡಿಮೆ, ಉಂಡ ಮೇಲೆ ಸಕ್ಕರೆ ಜಿಗಿಯೋದೂ ಕಡಿಮೆ."

"ಅಂದರ ಯಾರೋ ಮೊದಲ ಅಗದು ಕೊಟ್ಟ ಮೀನು. ಖರೇನ ಕೆಲಸ ಮಾಡತೈತೇನು?"

"ಕೆಲವರಿಗೆ ಸ್ವಲ್ಪ ಫರಕು ಕಂಡಿದೆ ಸರ್, ಇನ್ನೂ ಪರೀಕ್ಷೆ ನಡೀತಿದೆ," ಅಂದ, ದನಿ ಇಳಿಸಿ. ಡಬ್ಬಿಯ ಮೇಲೂ ಆ ಮಾತು ಇತ್ತು, ಇರುವೆಗಳು ಓದಿಕೊಳ್ಳುವಷ್ಟು ದೊಡ್ಡ ಅಕ್ಷರದಲ್ಲಿ.

ಡಾಕ್ಟರ ಕಡೆಯಿಂದ ಬಂದು ಬೆಂಚಿನ ಮೇಲೆ ಕೂತಿದ್ದ ಮಾಮಾ ಎದ್ದು ಬಂದ. "ಲೇ, ನಾವು ಮೀನು ಮುಟ್ಟೂದಿಲ್ಲಲ್ಲೋ. ಆ ಮೀನು ಏನು ತಿಂತಿತ್ತು ಕೇಳು."

"ಪಾಚಿ," ಅಂದೆ, ಕಂಪನಿಯವನು ಬಾಯಿ ತೆರೆಯುವುದರೊಳಗೆ.

"ಹಂಗಾದರ ಅದೂ ನಮ್ಮಂಗ ಸಸ್ಯಾಹಾರಿನ. ಎರಡು ಡಬ್ಬಿ ಕಟ್ಟು."

೨. ಪಂಪಿನ ಲೆಕ್ಕ

ತಲೆನೋವಿನ ಗುಳಿಗೆಗೆ ಬಂದ ಹೊಂಬಳದ ರೈತರೊಬ್ಬರು, ಮಾಮಾ ಡಬ್ಬಿ ತೆರೆದು ಮೂಸುವುದನ್ನು ಕಂಡು ಅಲ್ಲೇ ನಿಂತರು.

"ಈ ವಾಸನಿ ನನಗ ಗೊತ್ತೈತ್ರಿ. ಮೀನು, ಬೆಲ್ಲ ಕೂಡಿಸಿ ಕೊಳಿಹಾಕಿ ಮೆಣಸಿನ ಗಿಡಕ್ಕ ಹೊಡಿತೀವಿ. ಗಿಡ ಹ್ಯಾಂಗ ಹಬ್ಬತಾವ ಅಂತೀರಿ!"

ಹಬ್ಬತಾವ ಅಂದದ್ದೇ ತಡ, ಮಾಮಾ ತನ್ನ ಹೊಟ್ಟೆ ಸವರಿಕೊಂಡ. "ಅದು ಗಿಡಕ್ಕ, ಇದು ಮನಷ್ಯಾರಿಗೆ," ಅಂತ ನಾನು ಸಮಾಧಾನ ಹೇಳಿದೆ. ಆದರೂ ಅನುಭವಸ್ಥರು ಸಿಕ್ಕಾಗ ಕೇಳದೆ ಬಿಡುವ ಜೀವ ಅಲ್ಲ ನಮ್ಮ ಮಾಮಾ.

"ಒಂದು ಸಲಕ್ಕ ಎಷ್ಟು ಹಾಕ್ತೀರಿ?"

ರೈತರು ಮಾಮಾನ ಹೊಟ್ಟೆಯನ್ನು ಎಡದಿಂದ ಬಲಕ್ಕೆ ಸಾವಕಾಶ ಅಳೆದರು. "ಅದು ಹೊಡಿಯೋ ಪಂಪಿನ ಮ್ಯಾಲೆ ಐತ್ರಿ. ನಿಮ್ಮದು ಎಷ್ಟು ಲೀಟರಿಂದು?"

೩. ಹಸಿವಿ ಹೋಗೋದ್ರೊಳಗ

ಮುಂದಿನ ವಾರ ಲಕ್ಷ್ಮೇಶ್ವರಕ್ಕೆ ಹೋದೆ. ಅಕ್ಕ ಡಬ್ಬಿಯನ್ನು ಅಡುಗೆಮನೆಗೆ ಬಿಟ್ಟುಕೊಂಡಿರಲಿಲ್ಲ. ಹಿತ್ತಲ ಬೇವಿನ ಗಿಡಕ್ಕೆ ಚೀಲದಲ್ಲಿ ತೂಗುಹಾಕಿದ್ದಳು. ಕೆಳಗೆ ಓಣಿಯ ಬೆಕ್ಕುಗಳೆಲ್ಲ ಸಾಲಾಗಿ ಕೂತಿದ್ದವು. ಯಾವ ಪ್ರವಚನಕ್ಕೂ ಅಷ್ಟು ಶಿಸ್ತಿನ ಜನ ಕೂಡಿದ್ದನ್ನು ನಾನು ಕಂಡಿಲ್ಲ.

ಮಾಮಾ ಮೂಗು ಹಿಡಿದು ಒಂದು ಗ್ಲಾಸು ಕುಡಿದ. ಕುಡಿದವನೇ ಒಳಗೆ ಓಡಿದ.

"ಏ, ಜಲ್ದಿ ರೊಟ್ಟಿ ಬಡಿ! ಇನ್ನ ಅರ್ಧ ತಾಸಿಗೆ ಹಸಿವಿ ಹೋಗತೈತಿ. ಅದರೊಳಗ ಉಣ್ಣಬೇಕು!"

ರೈಲು ಹಿಡಿಯುವವನ ಹಾಗೆ ಉಂಡ. ಆರು ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ, ಮೇಲೊಂದು ಗಂಗಾಳ ಮಜ್ಜಿಗೆ. ಕೈ ತೊಳೆದು ಗಂಟೆ ಎಷ್ಟೆಂದು ನನ್ನನ್ನು ಕೇಳಿದ. ಅರ್ಧ ತಾಸಾಗಿತ್ತು.

"ಖರೇನ ಭಾರಿ ಔಷಧ ಐತಿ ಲೇ! ಈಗ ಒಂದು ತುತ್ತೂ ಬ್ಯಾಡ ಅನಸಾಕತ್ತೈತಿ."

೪. ಸುದ್ದಿ ಬಸ್ಸಿಗಿಂತ ಮುಂದೆ

ಹೊರಡುವಾಗ ಅಕ್ಕ ಬಾಗಿಲಲ್ಲಿ ತಡೆದಳು. "ತಮ್ಮಾ, ಹಿಂಗಾದರ ಇವರಿಗೆ ಕಣ್ಣು ಬರೂದು ಹ್ಯಾಂಗೋ? ಮೊನ್ನಿ ನನ್ನ ನೋಡಿ 'ಬರ್ರಿ ಮಾಸ್ತರ, ಕುಂಡ್ರಿ' ಅಂದರು." ನಾನು ನಕ್ಕೆ. ಅವಳು ನಗಲಿಲ್ಲ.

ಆದರೆ ಮುಂದಿನ ತಪಾಸಣೆಯಲ್ಲಿ ಸಕ್ಕರೆ ಇಳಿದಿತ್ತು! ಅದರ ಮುಂದಿನದರಲ್ಲಿ ಇನ್ನೂ ಇಳಿದಿತ್ತು. "ಗುಳಿಗಿ ಬಿಟ್ಟಿಲ್ಲ ಹೌದಲ್ಲ?" ಅಂತ ಡಾಕ್ಟರು ಎರಡು ಸಲ ಕೇಳಿ, ಒಂದು ಕಣ್ಣಿನ ಆಪರೇಷನ್‌ಗೆ ದಿನ ಗೊತ್ತುಮಾಡಿದರು.

ಮಾಮಾ ಬಸ್‌ಸ್ಟ್ಯಾಂಡಿನಲ್ಲೇ ಭಾಷಣಕ್ಕೆ ನಿಂತ. "ಆರು ರೊಟ್ಟಿಯೊಳಗ ಒಂದೂ ಕಡಿಮಿ ಮಾಡಿಲ್ಲ! ಎಲ್ಲಾ ಮೀನಿನ ಮಹಿಮಾ!" ಸುದ್ದಿ ಶಿರಹಟ್ಟಿ, ಮುಂಡರಗಿ ಮುಟ್ಟಿತು. ಮುಂಡರಗಿಯ ಕಿರಾಣಿ ವ್ಯಾಪಾರಿಯೊಬ್ಬರು ಬಂದು, "ಆ ಆರು ರೊಟ್ಟಿ ಪುಡಿ ಕೊಡ್ರಿ" ಅಂದರು.

ನಾನು ಎಷ್ಟಾದರೂ ಜವಾಬ್ದಾರಿ ಮನುಷ್ಯ. "ಮೊದಲ ಡಾಕ್ಟರನ್ನ ಕೇಳಿಕೊಂಡು ಬರ್ರಿ," ಅಂದೆ.

"ಡಾಕ್ಟರು ಆರು ರೊಟ್ಟಿ ತಿನ್ನಾಕ ಬಿಡೂದಿಲ್ಲರಿ. ಬಿಟ್ಟಿದ್ದರ ನಿಮ್ಮ ಕಡೆ ಯಾಕ ಬರತಿದ್ದೆ?"

೫. ಪಟ್ಟಿ ಬಿಚ್ಚಿದ ಮೇಲೆ

ಆಪರೇಷನ್ ಚೊಲೊ ಆಯಿತು. ಪಟ್ಟಿ ಬಿಚ್ಚಿಸಿ ಮಾಮಾನನ್ನು ನಾನೇ ಮನೆಗೆ ಕರೆತಂದೆ. ದಾರಿಯುದ್ದಕ್ಕೂ ಅಂಗಡಿ ಬೋರ್ಡುಗಳನ್ನು ಒಂದೂ ಬಿಡದೆ ಗಟ್ಟಿಯಾಗಿ ಓದಿದ. ಮನೆಗೆ ಬಂದವನೇ ಹೊಲಿಗೆ ಮಷಿನ್ನಿನ ಮುಂದೆ ಕೂತು, ಒಂದೇ ಏಟಿಗೆ ಸೂಜಿಗೆ ದಾರ ಪೋಣಿಸಿದ. ಅಕ್ಕ ಸೆರಗಿನಿಂದ ಕಣ್ಣೊರೆಸಿಕೊಂಡಳು. ನಾನೂ ಒರೆಸಿಕೊಂಡೆ, ಆದರೆ ನನ್ನ ಕಣ್ಣಿಗೆ ಧೂಳು ಬಿದ್ದಿತ್ತು, ಅದು ಬೇರೆ ಮಾತು.

ಊಟಕ್ಕೆ ಕೂತೆವು. "ಇವತ್ತ ರೊಟ್ಟಿ ಮುರದು ಹಾಕಬ್ಯಾಡ," ಅಂದ ಮಾಮಾ. "ಕಣ್ಣು ಕಾಣೂದಿಲ್ಲಂತ ಇಷ್ಟು ದಿನ ಮುರದ ಹಾಕಿದಿ. ಇವತ್ತ ಇಡೀ ರೊಟ್ಟಿ ಹಾಕು, ಕಣ್ತುಂಬ ನೋಡಿ ಉಣ್ತೀನಿ."

ಅಕ್ಕ ಒಂದು ಇಡೀ ರೊಟ್ಟಿ ಹಾಕಿದಳು. ಮಾಮಾ ಅದನ್ನು ಎತ್ತಿ ಅಂಗೈ ಮೇಲೆ ಇಟ್ಟುಕೊಂಡ. ರೊಟ್ಟಿ ಬೆರಳ ತುದಿಯನ್ನೂ ಮುಟ್ಟಲಿಲ್ಲ.

"ಇದೇನು? ಹಪ್ಪಳ?"

"ರೊಟ್ಟಿ."

"ಯಾವಾಗಿಂದ ಇಷ್ಟು ಸಣ್ಣವು ಅದಾವ?"

"ನನ್ನ ತಮ್ಮ ಬಂದು ಹೋದ ಮರುದಿನದಿಂದ," ಅಂದಳು ಅಕ್ಕ, ಹಿಟ್ಟು ತಟ್ಟುತ್ತಲೇ. "ನೀವು ಆರು ಕೇಳಿದ್ರಿ. ನಾನೂ ಆರ ಹಾಕೀನಿ."

ಮಾಮಾ ಹೊಸ ಕಣ್ಣಿನಿಂದ ಒಮ್ಮೆ ರೊಟ್ಟಿ, ಒಮ್ಮೆ ಹೆಂಡತಿಯನ್ನು ನೋಡಿದ.

ಅಕ್ಕ ನನ್ನನ್ನು ಹಿತ್ತಲಿಗೆ ಕರೆದು ಕಿವಿಯಲ್ಲಿ ಹೇಳಿದಳು: "ತಮ್ಮಾ, ಇನ್ನೊಂದು ಕಣ್ಣಿಂದು ಏನೂ ಅವಸರ ಇಲ್ಲಂತ ಡಾಕ್ಟರಿಗೆ ಹೇಳಿಬಿಡು."